ಬೆಂಕಿ ಕಾಣದ ಗೂಡಿಗೆ ಬಣ್ಣ

ಸೆಪ್ಟೆಂಬರ್ 1, ಸೋಮವಾರ

ಅಕ್ಕನಿಗೆ ಇವತ್ತು ಕಾಗದ ಬರೆದೆ. ಎಲ್ಲರೂ ಕ್ಷೇಮ, ಮಗ ಸೊಸೆ ಜೊತೆಗಿರುವುದರಿಂದ ಮನೆ ತುಂಬಿದೆ ಎಂದು ಬರೆದೆ. ಕಾಗದಕ್ಕೆ ಅಷ್ಟು ಸಾಕು. ಮನೆ ಯಾವುದರಿಂದ ತುಂಬಿದೆ ಎಂಬುದನ್ನು ಇಲ್ಲಿ ಬರೆದುಕೊಳ್ಳುತ್ತೇನೆ. ಈ ಡೈರಿ ಬ್ಯಾಂಕಿನವರು ಮಗ ಪ್ರದ್ಯುಮ್ನನಿಗೆ ಕೊಟ್ಟದ್ದು. ಹಿಟ್ಟಿನ ಡಬ್ಬದ ಹಿಂದೆ ಇಟ್ಟಿರುತ್ತೇನೆ. ಈ ಮನೆಯ ಗಂಡಸರಿಗೆ ಆ ಜಾಗ ಕಾಶಿಗಿಂತ ದೂರ.

ಸೊಸೆ ಮಾಲವಿಕಾ ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತಿದ್ದಳು. ಜೂನ್‌ನಲ್ಲಿ ಶಾಲೆಯವರು ಚಿತ್ರದ ಪೀರಿಯಡ್ಡು ತೆಗೆದು ಆ ಜಾಗಕ್ಕೆ ಇನ್ನೊಂದು ಗಣಿತ ತುಂಬಿದರು. ಅದೇ ಹೊತ್ತಿಗೆ ಕುವೆಂಪುನಗರದ ಬಾಡಿಗೆ ಮನೆಯವರು ಖಾಲಿ ಮಾಡಿ ಎಂದರು. ಗಂಡ ಹೆಂಡತಿ ಪೆಟ್ಟಿಗೆ ಕಟ್ಟಿಕೊಂಡು ಒಂಟಿಕೊಪ್ಪಲಿಗೆ, ನಮ್ಮ ಮನೆಗೆ ಬಂದರು.

ಇವತ್ತು ಊಟಕ್ಕೆ ಕೂತಾಗ ಅವಳು ಬಾಯಿ ಬಿಟ್ಟಳು. ವಿಜಯದಶಮಿಯಿಂದ ನಡುಮನೆಯಲ್ಲಿ ಮಕ್ಕಳಿಗೆ ಚಿತ್ರದ ಪಾಠ ಶುರು ಮಾಡಬೇಕಂತೆ. ಅದಕ್ಕೆ ನಡುಮನೆಯ ಕತ್ತಲೆ ಹೋಗಬೇಕಂತೆ. ಕತ್ತಲೆ ಹೋಗಬೇಕಾದರೆ ಗೂಡಿಗೆ ಬಿಳಿ ಬಣ್ಣ ಹೊಡೆಯಬೇಕಂತೆ.

ಇವರ ತುತ್ತು ಕೈಯಲ್ಲೇ ನಿಂತಿತು. ಇವರು ಎಂದರೆ ನನ್ನ ಯಜಮಾನರು, ಊರಿಗೆಲ್ಲ ಶಾಮಣ್ಣನವರು, ನನಗೆ ಐವತ್ತು ವರ್ಷದಿಂದ ಬರೀ "ರೀ".

ಗೂಡಿನ ಕಥೆಯನ್ನೂ ಬರೆಯುತ್ತೇನೆ, ಬರೆದರೆ ಹೊಟ್ಟೆ ತಣ್ಣಗಾಗುತ್ತದೆ. ಮಾವನವರು ಅರಮನೆ ಕಚೇರಿಯಲ್ಲಿ ಗುಮಾಸ್ತರು. ಬೇಸಿಗೆಯಲ್ಲಿ ಅರಮನೆಯವರ ಜೊತೆ ಊಟಿಗೆ ಹೋಗಿ, ಅಲ್ಲಿನ ಬಂಗಲೆಗಳಲ್ಲಿ ಚಳಿ ಕಾಯಿಸಿಕೊಳ್ಳುವ ಇಟ್ಟಿಗೆ ಗೂಡು ನೋಡಿದರು. ಊಟಿಯಿಂದ ಜನ ನೀಲಗಿರಿ ಎಣ್ಣೆ ತರುತ್ತಾರೆ. ಮಾವನವರು ಗೂಡು ತಂದರು. ಬೆವರು ಒರೆಸಿಕೊಳ್ಳಲು ಹೆಗಲ ಮೇಲೆ ಟವಲು ಬೇಕಾದ ಊರಿನಲ್ಲಿ, ನೆಲದಿಂದ ಸೂರಿನವರೆಗೆ ಒಂದು ಗೋಡೆ ಪೂರ್ತಿ ಇಟ್ಟಿಗೆ ಕಟ್ಟಿಸಿ, ನಡುವೆ ಬೆಂಕಿ ಹಾಕಲು ಬಾಯಿ ಬಿಡಿಸಿದರು. ಗಾರೆಯವನಿಗೆ ಮೇಲೆ ತೂತು ಬಿಡುವ ಧೈರ್ಯ ಬರಲಿಲ್ಲ. ಮಳೆ ನೀರು ಇಳಿದೀತೆಂದು ಹೊಗೆ ಹೋಗುವ ದಾರಿಗೆ ಚಪ್ಪಡಿ ಮುಚ್ಚಿಬಿಟ್ಟ. ಗೃಹಪ್ರವೇಶದ ದಿನ ಸೌದೆ ಹೊತ್ತಿಸಿದಾಗ ಮನೆಮಂದಿಯೆಲ್ಲ ಕೆಮ್ಮುತ್ತ ಬೀದಿಗೆ ಬಂದು ನಿಂತರಂತೆ. ಆಮೇಲೆ ಅದು ಬೆಂಕಿ ಕಂಡಿಲ್ಲ. ಧನುರ್ಮಾಸದ ಚಳಿಯಲ್ಲಿ ಇವರು ಮಂಕಿ ಕ್ಯಾಪು ಹಾಕಿಕೊಂಡು, ತಣ್ಣಗಿರುವ ಆ ಗೂಡಿನ ಕಡೆಗೆ ಎರಡು ಕೈ ಚಾಚಿಕೊಂಡು ಕೂರುತ್ತಾರೆ.

ಇದಕ್ಕಾಗಿ ಈಗ ಜಗಳ.

ಸೆಪ್ಟೆಂಬರ್ 3, ಬುಧವಾರ

ಜಗಳ ಮೂರನೆಯ ದಿನಕ್ಕೆ ಬಂತು. ಇಬ್ಬರೂ ಎಷ್ಟು ಮರ್ಯಾದೆಯಿಂದ ಜಗಳವಾಡುತ್ತಾರೆಂದರೆ ನಡುವೆ ಕಾಫಿ ಬೇರೆ ಮಾಡಿಕೊಡಬೇಕು.

"ಮಾವ, ಒಂದೇ ಒಂದು ಗೋಡೆ. ಹಗಲು ಹೊತ್ತಲ್ಲೂ ಲೈಟ್ ಹಾಕ್ಕೊಂಡು ಕೂರೋ ಹಾಗಿದೆ. ಮಕ್ಕಳಿಗೆ ಬಣ್ಣ ಹೇಗೆ ಕಾಣ್ಬೇಕು?"

"ನೋಡಮ್ಮ, ಅದು ನಮ್ಮಪ್ಪ ಇಟ್ಟಿಗೆ ಭಟ್ಟಿ ಮುಂದೆ ನಿಂತು ಒಂದೊಂದೇ ಆರಿಸಿ ಹಾಕಿಸಿದ ಇಟ್ಟಿಗೆ. ನಿಮ್ಮ ಡಬ್ಬದ ಬಣ್ಣ ಎಲ್ಲ ಅದು ಒಪ್ಪೋದಿಲ್ಲ."

"ಇಟ್ಟಿಗೆಗೆ ಒಪ್ಪಿಗೆ ಎಲ್ಲಿಂದ ಬಂತು ಮಾವ?"

"ಹಚ್ಚಿ ನೋಡು, ಗೊತ್ತಾಗತ್ತೆ."

ಪ್ರದ್ಯುಮ್ನ ಫೋನಿನಿಂದ ತಲೆ ಎತ್ತಿ, "ಇಬ್ಬರು ಹೇಳೋದೂ ಸರಿನೇ" ಎಂದ. ಬ್ಯಾಂಕಿನಲ್ಲಿ ಜನರಿಗೆ ಸಾಲ ಕೊಡದೆ ವಾಪಸು ಕಳಿಸುವಾಗಲೂ ಹೀಗೇ ಹೇಳುತ್ತಾನೆಂದು ಕಾಣುತ್ತದೆ. ಹೆಂಡತಿಗೆ ನ್ಯಾಯ ಹೇಳುವ ಧೈರ್ಯವಿಲ್ಲ, ಅಪ್ಪನಿಗೆ ಬುದ್ಧಿ ಹೇಳುವ ಧೈರ್ಯವೂ ಇಲ್ಲ. ಇವನನ್ನು ನಾನೇ ಹೆತ್ತದ್ದು.

ಕೊನೆಗೆ ಇವರು ಕಚೇರಿಯಲ್ಲಿ ತೀರ್ಪು ಕೊಡುವವರ ಹಾಗೆ ಗಂಟಲು ಸರಿಮಾಡಿಕೊಂಡರು. "ಹಚ್ಚು. ನಮ್ಮಪ್ಪನ ಇಟ್ಟಿಗೆ ಮೇಲೆ ನಿನ್ನ ಬಣ್ಣ ಆಯುಧಪೂಜೆವರೆಗೆ ನಿಂತಿದ್ರೆ ನಡುಮನೆ ನಿಂದು. ನಿಲ್ಲದೇ ಹೋದ್ರೆ ಈ ಮನೆಯಲ್ಲಿ ಪಾಠ ಗೀಠ ಅನ್ನೋ ಮಾತು ಎತ್ತಬಾರ್ದು."

"ಆಗಲಿ ಮಾವ," ಎಂದಳು, ಒಂದು ಗಳಿಗೆಯೂ ಯೋಚಿಸದೆ. ಆಗದಿದ್ದರೆ ಅವಳ ಅಣ್ಣನ ಟೈಲ್ಸ್ ಅಂಗಡಿಯಲ್ಲಿ ಕೂತು ಬಿಲ್ಲು ಬರೆಯುವುದೊಂದೇ ಉಳಿದಿರುವ ದಾರಿ. ತೌರಿನವರೂ ಅದನ್ನೇ ಹೇಳುತ್ತಿದ್ದಾರೆ. ಅವಳಿಗೆ ಬಣ್ಣ ಬಿಟ್ಟರೆ ಬೇರೇನೂ ಬರುವುದಿಲ್ಲ, ಇದು ನಾನೇ ಕಂಡ ಸತ್ಯ. ಹುಳಿಗೆ ಹಾಕುವ ಹೆಚ್ಚಿದ ಕುಂಬಳಕಾಯಿಯನ್ನೂ ತಟ್ಟೆಯಲ್ಲಿ ರಂಗೋಲಿ ಹಾಗೆ ಜೋಡಿಸುತ್ತಾಳೆ.

ಸೆಪ್ಟೆಂಬರ್ 6, ಶನಿವಾರ

ನಾಡಿದ್ದರಿಂದ ಪಕ್ಷಮಾಸ, ಹಿರಿಯರ ಹದಿನೈದು ದಿನ, ಹೊಸ ಕೆಲಸ ಶುರು ಮಾಡುವ ಹಾಗಿಲ್ಲ. ಹಾಗಾಗಿ ಸೊಸೆ ಇವತ್ತೇ ಸೆರಗು ಕಟ್ಟಿದಳು. ಸೆರಗು ಎಲ್ಲಿ ಬಂತು, ಪ್ರದ್ಯುಮ್ನನ ಹಳೆಯ ಅಂಗಿ.

ಒದ್ದೆ ಬಟ್ಟೆಯಲ್ಲಿ ಇಟ್ಟಿಗೆ ಒರೆಸಿದಳು. ಬಟ್ಟೆ ಕೆಂಪಾಯಿತು. ಬಂದು ನನ್ನನ್ನು ಕೇಳಿದಳು. "ಅತ್ತೆ, ಇದೇನು ಇಟ್ಟಿಗೆ ಹಿಂಗೆ ಬಣ್ಣ ಬಿಡ್ತಿದೆ?"

ಆ ಕೆಂಪು ಇಟ್ಟಿಗೆಯದಲ್ಲ. ಅದು ನನ್ನದು.

ನಾನು ಮದುವೆಯಾಗಿ ಈ ಮನೆಗೆ ಬರುವಷ್ಟರಲ್ಲೇ ಮಾವನವರ ಊಟಿ ಇಟ್ಟಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಅತ್ತೆ ಕೆಮ್ಮಣ್ಣು ನೆನೆಸಿ ಬಳಿದು ಮಾನ ಮುಚ್ಚುತ್ತಿದ್ದರು. ಮೊದಲನೆಯ ದಸರಾಗೆ ಬಕೆಟ್ಟು ನನ್ನ ಕೈಗೆ ಕೊಟ್ಟು, "ಇನ್ನು ಇದು ನಿಂದಮ್ಮ" ಎಂದರು. ಚಿನ್ನದ ಡಾಬನ್ನೂ ಅಷ್ಟು ಬೇಗ ಕೊಡಲಿಲ್ಲ. ಅಲ್ಲಿಂದ ವರ್ಷ ವರ್ಷ, ಮಹಾಲಯಕ್ಕೆ ಮುಂಚೆ, ಇವರು ಕಚೇರಿಗೆ, ನಿವೃತ್ತಿಯಾದ ಮೇಲೆ ಪ್ರವಚನಕ್ಕೆ, ಹೋದ ಹೊತ್ತು ನೋಡಿ ಮೈಯೆಲ್ಲ ಕೆಂಪು ಮಾಡಿಕೊಂಡು ಬಳಿದೆ. ಅದು ಒಣಗಿದ ಮೇಲೆ ಕಡ್ಡಿಗೆ ಹತ್ತಿ ಸುತ್ತಿ, ಸುಣ್ಣದಲ್ಲಿ ಅದ್ದಿ, ಇಟ್ಟಿಗೆ ಇಟ್ಟಿಗೆಯ ಸಂದಿಗೂ ಬಿಳಿ ಗೆರೆ ಎಳೆದೆ. ಪದರದ ಮೇಲೆ ಪದರ. ಮಣ್ಣಿನ ಮೇಲೆ ಡಬ್ಬದ ಬಣ್ಣ ಹಚ್ಚಿದರೆ ಹಿಡಿಯುತ್ತದೆಯೇ? ಗಾಳಿಗೆ ಒಣಗುವಾಗ ಸುಮ್ಮನಿರುತ್ತದೆ, ಬಿಸಿ ತಾಕಿದ ದಿನ ಹಪ್ಪಳದ ಹಾಗೆ ಏಳುತ್ತದೆ.

"ಹಳೇ ಇಟ್ಟಿಗೆ ಕಣಮ್ಮ, ಸ್ವಲ್ಪ ಬಿಡತ್ತೆ" ಎಂದೆ.

ನಂಬಿದಳು. ನಂಬಲಿ. ಬಂದು ಮೂರು ತಿಂಗಳಿಗೆ ಈ ಮನೆಯ ಗೋಡೆ ಯಾವ ಬಣ್ಣವಿರಬೇಕೆಂದು ಹೇಳಲು ಇವಳು ಯಾರು? ನಾನು ಇಷ್ಟು ವರ್ಷ ಬಳಿದೆನಲ್ಲ, ಯಾವ ಬಣ್ಣ ಬೇಕು ಎಂದು ನನ್ನನ್ನು ಯಾರಾದರೂ ಕೇಳಿದರೇ?

ಸೆಪ್ಟೆಂಬರ್ 10, ಬುಧವಾರ

ಬಿಳಿ ಮುಗಿಯಿತು. ಬೆಳಕು ಅಡುಗೆಮನೆ ಬಾಗಿಲವರೆಗೂ ಬರುತ್ತದೆ. ಅಕ್ಕಿಯಲ್ಲಿ ಕಲ್ಲು ಕಾಣುತ್ತದೆ, ಅಷ್ಟೇ ಉಪಯೋಗ. ನಡುಮನೆ ಆಸ್ಪತ್ರೆ ಹಾಗಿದೆ ಎಂದು ಇವರು ಅಂದರು. ನಾನೂ ತಲೆಯಾಡಿಸಿದೆ. ಸಂಜೆ ದೀಪ ಹಚ್ಚುವುದು ಮರೆತೇಹೋಗಿತ್ತು.

ಸೆಪ್ಟೆಂಬರ್ 16, ಮಂಗಳವಾರ

ಇವತ್ತು ಮಾವನವರ ಪಕ್ಷದ ಶ್ರಾದ್ಧ. ಇವರು ನಡುಮನೆಯಲ್ಲಿ ಗೂಡಿಗೆ ಒತ್ತಿ ಅಗ್ನಿ ಹಾಕಿಸಿದರು. ಇನ್ನೆಲ್ಲಿಯೂ ಜಾಗವಿರಲಿಲ್ಲವೆಂದಲ್ಲ, ಅಪ್ಪನ ಗೂಡಿನ ಮುಂದೆಯೇ ಅಪ್ಪನಿಗೆ ಪಿಂಡ ಹಾಕಬೇಕೆಂದು ಇವರ ಹಟ. ತುಪ್ಪ ಬಿದ್ದಾಗಲೆಲ್ಲ ಜ್ವಾಲೆ ಮೇಲೆದ್ದಿತು. ಮಡಿಯುಟ್ಟು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನಗೆ ಗೊತ್ತಿತ್ತು.

ಊಟಕ್ಕೆ ಕುಳಿತ ಅಶ್ವತ್ಥ ಜೋಯಿಸರ ಎಲೆಯ ಪಕ್ಕಕ್ಕೆ ಮೊದಲನೆಯ ಚಕ್ಕೆ ಬಿತ್ತು. ಹಪ್ಪಳದಷ್ಟಗಲ, ಹಪ್ಪಳದಷ್ಟೇ ತೆಳು. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ.

"ಸಾಕು ತಾಯಿ, ಹಪ್ಪಳ ಬೇಡ ಅಂದೆನಲ್ಲ" ಎಂದರು.

ಆಮೇಲೆ ಎರಡನೆಯದು, ಮೂರನೆಯದು. ಗೂಡಿನ ಬಾಯಿಯ ಮೇಲಿಂದ ಒಂದು ಮೊಳದಷ್ಟು ಬಿಳಿ ಸುರುಳಿ ಸುತ್ತಿಕೊಂಡು ಇಳಿಯಿತು. ಮಾಲವಿಕಾ ಬಡಿಸುತ್ತಿದ್ದ ಸೌಟನ್ನು ಹಿಡಿದುಕೊಂಡೇ ನಿಂತುಬಿಟ್ಟಳು.

ಇವರ ಮುಖ ನೋಡಬೇಕಿತ್ತು. ಅಪ್ಪನ ಶ್ರಾದ್ಧದಲ್ಲಿ ಅಷ್ಟು ಸಂತೋಷಪಟ್ಟ ಮಗನನ್ನು ನಾನು ಕಂಡಿಲ್ಲ. "ನೋಡಿದ್ರಾ ಜೋಯಿಸರೇ? ನಮ್ಮಪ್ಪ ಬಂದು ಕಿತ್ತು ಹಾಕಿದ! ಒಪ್ಪೋದಿಲ್ಲ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ?" ಎದ್ದು ಹೋಗಿ ಚಕ್ಕೆ ಬಿದ್ದ ಜಾಗವನ್ನು ಸವರಿದರು. "ಒಳಗೆ ನೋಡಿ ಕೆಂಪು ಹೇಗಿದೆ. ಕಟ್ಟಿದಾಗಿನಿಂದ ಒಬ್ಬರೂ ಕೈ ಹಚ್ಚಿಲ್ಲ. ಹಂಗೇ ಇದೆ! ಆಗಿನ ಕಾಲದ ಇಟ್ಟಿಗೆ ಕಣ್ರೀ ಅದು."

ಜಂಬ ಕೊಚ್ಚಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಜೋಯಿಸರು ದಕ್ಷಿಣೆ ತೆಗೆದುಕೊಂಡು ಹೋದ ಮೇಲೆ ಯಾಕೋ ಅನುಮಾನ ಬಂದು ಕೇಳಿದೆ.

"ರೀ, ವರ್ಷ ವರ್ಷ ನಾನು ಕೆಮ್ಮಣ್ಣು ನೆನೆಸ್ತೀನಲ್ಲ, ಅದು ಯಾತಕ್ಕೆ ಅಂದ್ಕೊಂಡಿದೀರಿ?"

"ತುಳಸಿಕಟ್ಟೆಗೆ ಅಲ್ವಾ?"

"ಬಕೆಟ್ ತುಂಬಾನಾ?"

"ಹೊಸ್ತಿಲಿಗೂ ಬಳೀತೀಯಲ್ಲ" ಎಂದು ವೀಳ್ಯ ಮಡಿಸಿಕೊಂಡರು.

ಇವರಿಗೆ ಗೊತ್ತೇ ಇಲ್ಲ. ಆಡಂಬರವಲ್ಲ, ಸುಳ್ಳಲ್ಲ. ದಿನಾ ಬೆಳಿಗ್ಗೆ ಅದರ ಮುಂದೆ ಕೂತು ಪೇಪರು ಓದುವ ಮನುಷ್ಯನಿಗೆ ಇಟ್ಟಿಗೆ ತಾನಾಗಿ ಕೆಂಪಗಿರುತ್ತದೆ, ಗೆರೆ ತಾನಾಗಿ ಬೆಳ್ಳಗಿರುತ್ತದೆ. ಕಾಫಿ ತಾನಾಗಿ ಬರುವ ಹಾಗೆ.

ಅಡುಗೆಮನೆಯಲ್ಲಿ ಮಾಲವಿಕಾ ಒಂದು ಚಕ್ಕೆಯನ್ನು ಮಗುಚಿ ಹಿಡಿದಿದ್ದಳು. ಬೆರಳಿಗೆ ನೀರು ಮುಟ್ಟಿಸಿ ಅದರ ಬೆನ್ನು ಉಜ್ಜಿದಳು. ಬೆರಳು ಕೆಂಪಾಯಿತು. ಆ ಬೆರಳನ್ನು ನನ್ನ ಮುಂದೆ ಹಿಡಿದಳು.

"ಇದು ಕೆಮ್ಮಣ್ಣು. ನಿಮಗೆ ಗೊತ್ತಿತ್ತು ಅತ್ತೆ."

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ನೀನು ಕೇಳಲಿಲ್ಲ."

"ಕೇಳಿದೆ."

ಹೌದು, ಕೇಳಿದ್ದಳು. ಸಾರಿನ ಪಾತ್ರೆ ತೊಳೆಯಲು ತಿರುಗಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಿತ್ತು, ನಾಲ್ಕು ಮಾತು ಆಡಿಬಿಡುತ್ತಿದ್ದೆ.

ಸೆಪ್ಟೆಂಬರ್ 17, ಬುಧವಾರ

ಸೋಮವಾರದಿಂದ ಅಣ್ಣನ ಅಂಗಡಿಗೆ ಹೋಗುತ್ತಾಳಂತೆ. ಬ್ರಷ್ಷುಗಳನ್ನೆಲ್ಲ ತೊಳೆದು ಹಳೆಯ ಪೇಪರಿನಲ್ಲಿ ಸುತ್ತಿದಳು. ಇವರು ಬೀದಿಯಲ್ಲಿ ಸಿಕ್ಕವರಿಗೆಲ್ಲ ಅಪ್ಪನ ಮಹಿಮೆ ಹೇಳುತ್ತಿದ್ದಾರೆ. ಹಾಲಿನವನೂ ಬಂದು ಗೂಡು ನೋಡಿಕೊಂಡು ಕೈಮುಗಿದು ಹೋದ.

ನನ್ನ ಮಣ್ಣಿಗೆ ಕೈಮುಗಿದ, ಪುಣ್ಯಾತ್ಮ. ಹೆಸರು ಮಾವನವರದು.

ಸೆಪ್ಟೆಂಬರ್ 18, ಗುರುವಾರ

ಇವರು ಅಗ್ರಹಾರಕ್ಕೆ ಪ್ರವಚನ ಕೇಳಲು ಹೋದರು. ಅರ್ಧ ಬಿಳಿ ಅರ್ಧ ಕೆಂಪಾಗಿ, ತೊನ್ನು ಹತ್ತಿದ ಹಾಗೆ ನಿಂತಿದ್ದ ಗೋಡೆ ನೋಡಿ ನೋಡಿ ನನಗೆ ಹೇಸಿಗೆಯಾಯಿತು. ಹಂಡೆಯಲ್ಲಿ ನೀರು ಕಾಯಿಸಿ, ಸೋಪಿನ ಪುಡಿ ಕಲಸಿ, ತೆಂಗಿನ ನಾರು ತೆಗೆದುಕೊಂಡು ಸ್ಟೂಲಿನ ಮೇಲೆ ಕೂತೆ. ಯಾರ ಮೇಲಿನ ಕರುಣೆಯಿಂದಲೂ ಅಲ್ಲ.

ಮಾಲವಿಕಾ ಬಟ್ಟೆ ಒಣಹಾಕಿ ಬಂದವಳು ನೋಡಿದಳು.

"ಏನು ಮಾಡ್ತಿದೀರಿ ಅತ್ತೆ?"

"ಕಾಣಲ್ವಾ? ಮಾವನವರಿಗೆ ಎಣ್ಣೆನೀರು ಹಾಕ್ತಿದೀನಿ."

ಅವಳಿಗೆ ನಗು ಬಂತು, ಕೋಪವಿದ್ದದ್ದರಿಂದ ನುಂಗಿಕೊಂಡಳು. "ಇದನ್ನ ಮೊದಲೇ ಹೇಳಿದ್ರೆ ನನ್ನ ಎರಡು ಡಬ್ಬ ಬಣ್ಣ ಉಳೀತಿತ್ತು."

"ಹೇಳಿದ್ರೆ ನೀನು ತೊಳೀತಿದ್ದೆ. ನಿನ್ನ ಕೈಲಿ ನನ್ನ ಕೆಲಸ ತೊಳೆಸೋಕೆ ನನಗೆ ಇಷ್ಟ ಇರ್ಲಿಲ್ಲ."

ಈ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ, ನಾನು ಹೇಳಬೇಕೆಂದುಕೊಂಡದ್ದು ಬೇರೆ. ಅವಳು ಒಳಗೆ ಹೋಗಿ ತಂತಿ ಬ್ರಷ್ಷು ತಂದಳು. "ನೀವು ಕೆಳಗಡೆ ಉಜ್ಜಿ, ಮೇಲಿನದು ನಾನು ನೋಡ್ಕೋತೀನಿ. ನೀವು ಸ್ಟೂಲಿಂದ ಬಿದ್ರೆ ಆಮೇಲೆ ಮಾವ ಅದಕ್ಕೂ ಅವರಪ್ಪನ್ನೇ ಹೊಣೆ ಮಾಡ್ತಾರೆ."

ಕೆಂಪು ನೀರು ಹೊಳೆಯಾಗಿ ಹರಿಯಿತು. ಒಂದು ಪದರ, ಅದರಡಿ ಇನ್ನೊಂದು. ಒಂದು ಕಡೆ ಗೆರೆ ಸೊಟ್ಟ ಸೊಟ್ಟಗಿತ್ತು. ಪ್ರದ್ಯುಮ್ನ ಹೊಟ್ಟೆಯಲ್ಲಿದ್ದ ವರ್ಷ ಎಳೆದದ್ದು ಅದು, ಬಗ್ಗಲು ಆಗುತ್ತಿರಲಿಲ್ಲ. ಮಾಲವಿಕಾಗೆ ಹೇಳಿದೆ. ಅವಳು ಅದನ್ನು ಕೊನೆಗೆ ಬಿಟ್ಟಳು, ಆಮೇಲೆ ಅದನ್ನೂ ಉಜ್ಜಿದಳು. ಒಳ್ಳೆಯದಾಯಿತು.

ಸೆಪ್ಟೆಂಬರ್ 20, ಶನಿವಾರ

ಇವರಿಗೆ ಕಾಣದಿರಲೆಂದು ಎರಡು ದಿನ ಗೋಡೆಗೆ ಇಳಿಬಿಟ್ಟಿದ್ದ ಹಳೆಯ ಸೀರೆಯನ್ನು ಇವತ್ತು ತೆಗೆದೆ. ಮಾವನವರ ಊಟಿ ಇಟ್ಟಿಗೆಯ ನಿಜವಾದ ಮುಖ ಹೊರಗೆ ಬಂತು. ಬೂದಿ, ಹಳದಿ, ಅರೆಬೆಂದ ರೊಟ್ಟಿಯ ಬಣ್ಣ. ಒಂದರ ಉದ್ದ ಇನ್ನೊಂದಕ್ಕಿಲ್ಲ. ಮೂಲೆಗಳಲ್ಲಿ ತುಂಡು ಇಟ್ಟಿಗೆ ತುರುಕಿದ್ದಾರೆ. ಬಚ್ಚಲ ಒಲೆ ಕಟ್ಟಿ ಮಿಕ್ಕಿದ್ದನ್ನು ತಂದು ಪೇರಿಸಿದಂತಿದೆ. ಇದನ್ನೇ ನಿಂತು ಒಂದೊಂದಾಗಿ ಆರಿಸಿದರಂತೆ!

ಇವರು ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಬಂದವರು ಕುಂಕುಮದ ಪೊಟ್ಟಣ ಹಿಡಿದುಕೊಂಡೇ ನಿಂತರು. "ಏನೇ ಮಾಡಿದಿರಿ ನಮ್ಮಪ್ಪನ ಇಟ್ಟಿಗೇನ?"

"ತೊಳೆದ್ವಿ."

"ಕೆಂಪು ಎಲ್ಲಿ ಹೋಯ್ತು?"

"ಬಚ್ಚಲಿಗೆ. ನನ್ನ ಐವತ್ತು ವರ್ಷದ್ದು, ಅದಕ್ಕೆ ಮುಂಚಿನದು ನಿಮ್ಮಮ್ಮಂದು."

ಕುರ್ಚಿಯಲ್ಲಿ ಕೂತರು. ಕುಂಕುಮದ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡರು. ಪಾಪ ಎನ್ನಿಸುವಷ್ಟರಲ್ಲಿ ಬಾಯಿ ತೆರೆದು ಕೆಲಸ ಕೆಡಿಸಿಕೊಂಡರು. "ಏನೇ ಆಗ್ಲಿ, ಮಾತು ಮಾತೇ. ಬಣ್ಣ ನಿಲ್ಲಲಿಲ್ಲ. ನಡುಮನೆ ವಿಷಯ ಮುಗೀತು."

ಮಾಲವಿಕಾ ಒಳಗೆ ಹೊರಟಳು. ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಿದೆ.

"ಮಾತು ಆಗಿದ್ದು ಏನು? ನಿಮ್ಮಪ್ಪನ ಇಟ್ಟಿಗೆ ಮೇಲೆ ಬಣ್ಣ ನಿಲ್ಲಬೇಕು ಅಂತ. ಅವಳು ಹಚ್ಚಿದ್ದು ನನ್ನ ಮಣ್ಣಿನ ಮೇಲೆ. ನಿಮ್ಮಪ್ಪನ ಇಟ್ಟಿಗೆಗೆ ಅವಳ ಬ್ರಷ್ಷು ಇನ್ನೂ ಸೋಕೇ ಇಲ್ಲ. ಆಯುಧಪೂಜೆಗೆ ಇನ್ನೂ ದಿನ ಇದೆ."

"ಇದೆಂಥ ವಕೀಲಿಕೆ ವೇದಾ?"

"ನಿಮ್ಮ ಜೊತೆ ಇದ್ದು ಬಂದಿದ್ದು."

ಪ್ರದ್ಯುಮ್ನ ಎಂದಿನಂತೆ "ಇಬ್ಬರು ಹೇಳೋದೂ..." ಎಂದು ಶುರು ಮಾಡಿದ. "ನೀನು ಬಾಯಿ ಮುಚ್ಚೋ, ಹೋಗಿ ಉಪ್ಪುಕಾಗದ ತಗೊಂಡು ಬಾ" ಎಂದೆ. ಗೋಡೆ ಉಜ್ಜಿ ನಯ ಮಾಡಲು ಅದು ಬೇಕಿತ್ತು. ಹೋಗಿ ತಂದ. ಯಾವುದು ತರಬೇಕೆಂದು ತಿಳಿಯದೆ ಎಲ್ಲ ನಮೂನೆಯದೂ ತಂದ.

ಸೆಪ್ಟೆಂಬರ್ 24, ಬುಧವಾರ

ಅಂಗಡಿಗೆ ಹೋಗುವುದನ್ನು ದಸರಾ ಆದಮೇಲೆ ನೋಡೋಣ ಎಂದು ಮಾಲವಿಕಾ ಅಣ್ಣನಿಗೆ ಹೇಳಿದ್ದಾಳೆ. ಬಣ್ಣಕ್ಕೆ ಮುಂಚೆ ಹೊಡೆಯುವ ಪ್ರೈಮರ್ ಈ ಸಲ ಗಟ್ಟಿಯಾಗಿ ಕೂತಿತು. ಉಗುರಿನಿಂದ ಕೆರೆದೆ, ಏಳಲಿಲ್ಲ. ಬಿಸಿನೀರಿನ ಪಾತ್ರೆ ಪಕ್ಕಕ್ಕೆ ಇಟ್ಟು ನೋಡಿದೆ, ಆಗಲೂ ಏಳಲಿಲ್ಲ.

ಮಧ್ಯಾಹ್ನ ಅವಳು ಬಣ್ಣದ ಕಾರ್ಡು ತಂದು ನನ್ನ ತೊಡೆಯ ಮೇಲಿಟ್ಟಳು. ನಾನು ಅಲಸಂದೆಕಾಯಿ ಸುಲಿಯುತ್ತಿದ್ದೆ.

"ಅತ್ತೆ, ಯಾವ ಬಣ್ಣ?"

"ನಿಂದು ಬಿಳಿ ಅಲ್ವಾ?"

"ಬಿಳಿ ಮುಗೀತು. ಹೊಸದಾಗಿ ತರ್ಬೇಕು. ನೀವು ಹೇಳಿ."

ಕಾರ್ಡಿನಲ್ಲಿ ಒಂದೇ ಬಣ್ಣಕ್ಕೆ ಹತ್ತು ಛಾಯೆ. ನೋಡುತ್ತ ನೋಡುತ್ತ ಅಲಸಂದೆಕಾಯಿ ಅಲ್ಲೇ ಉಳಿಯಿತು. ಅವಳು ಕಾದಳು. ನಾನು ಬೆರಳಿಟ್ಟೆ.

ಗಿಳಿಹಸಿರು.

ಅವಳ ಮುಖ ಇಳಿಯಿತು. "ಅತ್ತೆ... ಸ್ವಲ್ಪ ತಿಳಿ ಮಾಡೋಣ್ವಾ? ಇದು ಗೋಡೆ ತುಂಬಾ ಅಂದ್ರೆ ತುಂಬಾ ಕಣ್ಣಿಗೆ ಹೊಡೆಯತ್ತೆ."

"ಕೇಳಿದ್ದು ನೀನು."

"ಕತ್ತಲೆ?"

"ಕಣ್ಣಿಗೆ ಹೊಡೆಯೋ ಬಣ್ಣಕ್ಕೆ ಕತ್ತಲೆ ಎಲ್ಲಿ?"

ನಿಟ್ಟುಸಿರು ಬಿಟ್ಟು ಚೀಲ ತೆಗೆದುಕೊಂಡು ಹೊರಟಳು. ಗೇಟಿನ ಹತ್ತಿರ ಹೋದವಳು ತಿರುಗಿ ನೋಡಿದಳು, ನಾನು ಮನಸ್ಸು ಬದಲಿಸುತ್ತೇನೇನೋ ಎಂದು. ಬದಲಿಸಲಿಲ್ಲ.

ಸೆಪ್ಟೆಂಬರ್ 27, ಶನಿವಾರ

ಹಸಿರು. ಅಯ್ಯೋ, ಎಂಥ ಹಸಿರು! ಬೀದಿಯಲ್ಲಿ ಹೋಗುವವರು ಕಿಟಕಿಯಿಂದ ಇಣುಕಿ ಹೋಗುತ್ತಾರೆ. ಇವರು ಕುರ್ಚಿಯನ್ನು ಗೂಡಿಗೆ ಬೆನ್ನು ಮಾಡಿ ಹಾಕಿಕೊಂಡಿದ್ದಾರೆ. ಹಸಿರು ಇವರ ಬೋಳುತಲೆಯ ಮೇಲೆ ಬಿದ್ದು ಹೊಳೆಯುತ್ತದೆ. ಮಾಲವಿಕಾ ನೋಡಿದಾಗಲೆಲ್ಲ ಕಣ್ಣು ಕಿರಿದು ಮಾಡುತ್ತಾಳೆ, ಬಾಯಿ ಬಿಡುವುದಿಲ್ಲ. ಚಿತ್ರ ಕಲಿತವಳಿಗೆ ನನ್ನ ಬಣ್ಣ ಹಿಡಿಸಿಲ್ಲ. ಹಿಡಿಸದೆ ಹಚ್ಚಿದಳು. ನಾನು ಐವತ್ತು ವರ್ಷ ಮಾಡಿದ್ದೂ ಅದೇ. ಆದರೆ ಅವಳು ಕೇಳಿ ಹಚ್ಚಿದಳು.

ಅಕ್ಟೋಬರ್ 2, ಗುರುವಾರ, ವಿಜಯದಶಮಿ

ನಿನ್ನೆ ಆಯುಧಪೂಜೆಯಲ್ಲಿ ಗೂಡಿನ ಮುಂದೆಯೇ ಬ್ರಷ್ಷುಗಳನ್ನು ಜೋಡಿಸಿ ಅರಿಸಿನ ಕುಂಕುಮವಿಟ್ಟಳು. ಜೋಯಿಸರು ಮಂಗಳಾರತಿ ಎತ್ತಿದರು, ಇವರ ಬೇಡಿಕೆಯಂತೆ ಗೋಡೆಗೆ ಬಹಳ ಹತ್ತಿರದಿಂದ ಎತ್ತಿದರು. ಒಂದು ಚಕ್ಕೆ ಏಳಲಿಲ್ಲ. ಇವರು ಆರತಿ ತಟ್ಟೆ ಹೋದ ಮೇಲೂ ಗೋಡೆ ನೋಡುತ್ತ ಕಾದರು. ಆಮೇಲೆ ಯಾರ ಕಡೆಗೂ ನೋಡದೆ, "ಹೂಂ, ನಡುಮನೆ ನಿಂದು" ಎಂದರು.

ಇವತ್ತು ಬೆಳಿಗ್ಗೆ ಮಕ್ಕಳು ಬಂದರು. ಬೀದಿಯವು, ಮುಂದಿನ ಬೀದಿಯವು. ಒಳಗೆ ಕಾಲಿಟ್ಟ ತಕ್ಷಣ ಒಂದು ಹುಡುಗಿ "ಗಿಣಿ ಗೋಡೆ!" ಎಂದು ಕಿರುಚಿದಳು. ಮಾಲವಿಕಾ ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಇವರು ಕೋಣೆಯಿಂದ ಇಣುಕಿದರು, ಪೇಪರು ಹುಡುಕುವ ನೆಪ ಮಾಡಿದರು, ಎರಡು ಸಲ ಬಂದು ಹೋದರು. ಮೂ‍ರನೆಯ ಸಲ ಗೂಡಿನ ಮುಂದೆ ನಿಂತು, ಬಲಗಡೆ ಕೆಳಮೂಲೆ ತೋರಿಸಿದರು.

"ಅಲ್ಲಿ ಬಣ್ಣ ತೆಳು ಆಗಿದೆ. ಬೂದಿ ಕಾಣ್ತಿದೆ."

ಇದೇ ಮೊದಲು, ಈ ಮನೆಯ ಗೋಡೆಯ ಮೇಲೆ ಇವರಿಗೆ ಏನಾದರೂ ಕಂಡದ್ದು.

"ಕಂಡಿದ್ದು ನಿಮಗೆ. ನೀವೇ ಹಚ್ಚಿ" ಎಂದೆ.

"ನನಗೆಲ್ಲಿ ಬರತ್ತೆ ವೇದಾ?"

"ಮಾಲೂ, ನಿಮ್ಮ ಮಾವನಿಗೂ ಒಂದು ಬ್ರಷ್ಷು ಕೊಡಮ್ಮ. ಹೊಸ ಶಿಷ್ಯ."

ಮಕ್ಕಳು ಜಾಗ ಮಾಡಿಕೊಟ್ಟವು. ಇವರು ಪಂಚೆ ಮೇಲಕ್ಕೆ ಸಿಕ್ಕಿಸಿಕೊಂಡು ಕೂತರು. ಬ್ರಷ್ಷನ್ನು ಚಮಚದ ಹಾಗೆ ಹಿಡಿದರು. ಅವಳು ಬೆರಳು ಸರಿಮಾಡಿ ಕೊಟ್ಟಳು. ಎರಡು ಸಲ ಬಳಿದರು. ಮೂಲೆಗಿಂತ ಹೆಚ್ಚು ಬಣ್ಣ ನೆಲಕ್ಕೆ ಬಿತ್ತು, ಸ್ವಲ್ಪ ಪಂಚೆಗೆ.

ಇವರು ನೆಲ ನೋಡಿದರು, ನನ್ನನ್ನು ನೋಡಿದರು. ನಾನು ಅಡುಗೆಮನೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದೆ.

"ವೇದಾ, ಒರೆಸೋ ಬಟ್ಟೆ ಎಲ್ಲಿರತ್ತೆ?"

ಎಲ್ಲಿರುತ್ತದೆ ಎಂದು ಹೇಳಿದೆ. ಎದ್ದು ಹೋಗಲಿಲ್ಲ.